ನನ್ನ ಗುರುತಿಲ್ಲ ಅನ್ನು

ಟೋಂಗಾದಿಂದ ಸಿಡ್ನಿಗೆ ಬರುವವರಲ್ಲಿ, ಗಂಡಸಾಗಿದ್ದು ಗಂಡಸರ ಮೇಲೇ ಮನಸ್ಸಿರುವವರ ಕೈಗೆ ಹೇಗೋ ಲಿಸಿಯಾತೆಯ ಫೋನ್ ನಂಬರು ಸಿಕ್ಕಿರುತ್ತಿತ್ತು. ಯಾರು ಕೊಟ್ಟರು ಎಂದು ಅವನು ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಮುಗಿಸಿ ಬಂದು, ಮೌಂಟ್ ಡ್ರೂಯಿಟ್‌ನ ಮನೆಯ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಅವರಿಗೆಲ್ಲ ಬುದ್ಧಿ ಹೇಳುತ್ತಿದ್ದ. ಅವನ ಜೊತೆ ಬಾಳುತ್ತಿದ್ದ ಕಿಟಿಯೋನ ಎಂಬುವನು ಅಡುಗೆಮನೆಯ ಕಿಟಕಿಯಿಂದ ಗೇಲಿ ಮಾಡುತ್ತಿದ್ದ: "ಶುರುವಾಯ್ತಪ್ಪಾ ನಮ್ ಪಾದ್ರಿಗಳ ಉಪದೇಶ!"

ಪೇನಿ ಎಂಬುವನು ಊರಿಂದ ಫೋನ್ ಮಾಡಿದಾಗಲೂ ಅದೇ ಉಪದೇಶ.

"ಆಕ್ಸ್‌ಫರ್ಡ್ ಬೀದೀಲಿ ನಮ್ಮಂಥೋರು ಸೇರೋ ಬಾರಿಗೆ ಹೋಗ್ಬೇಕಾ, ಹೋಗು. ಯಾರು ಬೇಡ ಅಂದ್ರು? ಆದ್ರೆ ಕ್ಯೂನಲ್ಲಿ ನಿಲ್ಲೋಕೆ ಮುಂಚೆ ಬಾಗಿಲು ಕಾಯೋನ ಮುಖ ನೋಡು. ಆಳು ಬಾಗಿಲಿಗಿಂತ ಅಗಲ ಇದ್ದಾನಾ, ಹಾಗಿದ್ರೆ ಟೋಂಗಾದೋನೇ. ನಿಮ್ಮಮ್ಮನ ಕಡೆಯಿಂದ ಏನಾದ್ರೂ ಆಗ್ದೆ ಇರಲ್ಲ ಅವನು. ತಿರುಗಿ ನೋಡ್ದೆ ಎದುರು ಫುಟ್‌ಪಾತಿಗೆ ಹೋಗ್ಬಿಡು."

"ಮಾತಾಡಿಸಿಬಿಟ್ರೆ ಮಾವ?"

"ಆಡಿಸ್ದೆ ಬಿಡ್ತಾನಾ? ಯಾವೂರು, ಯಾರ ಮಗ ಅಂತ ಕೇಳ್ತಾನೆ. ಕೇಳಿದ್ಮೇಲೆ ಹೇಳ್ದೆ ಇರೋಕೆ ನಿನ್ ನಾಲಿಗೆ ಒಪ್ಪಲ್ಲ, ನಮ್ ಜನದ ಬುದ್ಧಿನೇ ಅದು. ಅದಕ್ಕೆ ನಿಮ್ಮಜ್ಜಿ ಹುಟ್ಟಿದ ದ್ವೀಪದ ಹೆಸರು ಹೇಳು. ನಿಮ್ಮೂರಿನ ಹೆಸರು ಎತ್ತಬೇಡ. ಒಬ್ಬ ಎತ್ತಿದ. ಅವನು ವಾಪಸ್ ವಿಮಾನ ಇಳಿಯೋದ್ರೊಳಗೆ ಅವರಪ್ಪ ಅವನ ಹಾಸಿಗೆ ತಂದು ಬೀದಿಗೆ ಎಸೆದಿದ್ದ."

ಲಿಸಿಯಾತೆ ಫೋನನ್ನು ಇನ್ನೊಂದು ಕಿವಿಗೆ ಹಿಡಿದು ಮುಂದುವರಿಸಿದ.

"ಯಾರ ಜೊತೆನಾದ್ರೂ ರೂಮಿಗೆ ಹೋಗೋದಾದ್ರೆ ಪಾಸ್‌ಪೋರ್ಟು ಜೇಬಲ್ಲಿ ಇಟ್ಕೊಂಡು ಹೋಗ್ಬೇಡ. ನೀನೇ ತಗೊಂಡ ಗ್ಲಾಸು ಬಿಟ್ಟು ಬೇರೆಯವರದ್ರಲ್ಲಿ ಕುಡೀಬೇಡ. ಎಲ್ಲಿದೀಯ ಅಂತ ನನಗೊಂದು ಮೆಸೇಜ್ ಹಾಕು, ನಾನು ಕಾಯ್ತಾ ಇರ್ತೀನಿ. ಇನ್ನು ಕಡೇ ಮಾತು, ಇದನ್ನ ಮರೀಬೇಡ. ಚರ್ಚಲ್ಲೋ ಸಂತೇಲೋ ಸಾವಿನ ಮನೇಲೋ ನಾನು ಸಿಕ್ಕಿದ್ರೆ ನನ್ನ ಗುರುತಿಲ್ಲ ಅನ್ನು. ಏನೇ ಆಗ್ಲಿ, ಹತ್ರ ಬರಬೇಡ. ಕಿವೀಲೂ ಏನೂ ಹೇಳ್ಬೇಡ. ನಾನೂ ನಿನ್ನ ಕಂಡೋನಲ್ಲ."

"ಆಯ್ತು ಮಾವ. ದೇವರಾಣೆ."

ಮುಂದಿನ ವಾರವೇ ಕಿಟಿಯೋನ ಹೋಗಿಬಿಟ್ಟ. ಹಿಂದಿನ ದಿನ ಗೆಣಸಿಗೆ ಉಪ್ಪು ಹೆಚ್ಚಾಯಿತೆಂದು ಇಬ್ಬರೂ ಜಗಳವಾಡಿದ್ದರು. ಬೆಳಿಗ್ಗೆ ಕೆಲಸಕ್ಕೆ ಹೊರಟವನು ಕಾರಿನ ಬಾಗಿಲು ತೆಗೆದು ಹಾಗೇ ಕುಸಿದ. ಇಪ್ಪತ್ತೆರಡು ವರ್ಷ ಜೊತೆಗಿದ್ದವನ ತಲೆಯನ್ನು ಲಿಸಿಯಾತೆ ತೊಡೆಯ ಮೇಲಿಟ್ಟುಕೊಂಡು ಕೂತ. ಪಕ್ಕದ ಮನೆಯಾಕೆ ಓಡಿಬಂದಾಗ ಮಾತ್ರ ಅದನ್ನು ನೆಲದ ಮೇಲೆ ಇಳಿಸಿದ. ಅಯ್ಯೋ, ಆ ಹೊತ್ತಿನಲ್ಲೂ ಹೆದರಿಕೆ!

ಊರವರ ಕಣ್ಣಿಗೆ ಲಿಸಿಯಾತೆ ಆ ಮನೆಯ ಬಾಡಿಗೆಯವನು. ಹಿಂದಿನ ಕೋಣೆಯಲ್ಲಿ ಒಂದು ಮಂಚವಿತ್ತು. ಅದರ ಹೊದಿಕೆ ಯಾವಾಗಲೂ ಮಡಿಸಿಯೇ ಇರುತ್ತಿತ್ತು, ಯಾಕೆಂದರೆ ಅದರಲ್ಲಿ ಯಾರೂ ಮಲಗುತ್ತಿರಲಿಲ್ಲ. ನೆಂಟರು ಬಂದರೆ ಲಿಸಿಯಾತೆ ಆ ಹೊದಿಕೆಯನ್ನು ಸ್ವಲ್ಪ ಕೆದರಿಡುತ್ತಿದ್ದ.

ಮಣ್ಣು ಮಾಡುವ ದಿನ ಬೆಳಿಗ್ಗೆ ಮನೆ ತುಂಬ ಜನ. ಲಿಸಿಯಾತೆ ಒಲೆಯ ಮುಂದೆ ನಿಂತು ಕೆಸುವಿನ ಎಲೆಯಲ್ಲಿ ಮಾಂಸ ಕಟ್ಟುತ್ತಿದ್ದ. ಕಿಟಿಯೋನನ ದಾಯಾದಿ ಮಾಕಾ ಒಂದು ಪೊಟ್ಟಣ ಬಿಚ್ಚಿ ರುಚಿ ನೋಡಿದ.

"ಬಾಡಿಗೆಯವನು ಸಿಕ್ಕಿದ್ರೆ ಇಂಥೋನು ಸಿಗಬೇಕು ಕಣ್ರೋ! ಪುಣ್ಯಾತ್ಮ, ನಮ್ ಕಿಟಿಯೋನಂಗೆ ಹೆಂಡ್ತಿನೇ ಬೇಕಾಗ್ಲಿಲ್ಲ!"

ಎಲ್ಲರೂ ನಕ್ಕರು. ಲಿಸಿಯಾತೆಯೂ ನಕ್ಕ. ನಗದೆ ಇನ್ನೇನು ಮಾಡಿಯಾನು?

ಆಗಲೇ ಟೋಂಗಾದಿಂದ ಕಿಟಿಯೋನನ ಅಕ್ಕ ಸೀಲಿಯಾ ಬಂದಿಳಿದಳು. ಗಂಡ ಸತ್ತ ಮೇಲೆ ಬಿಳಿಯಾದ ತಲೆ, ಬೆನ್ನು ಮಾತ್ರ ಇನ್ನೂ ಬಗ್ಗಿರಲಿಲ್ಲ. ಅವಳ ಹಿಂದೆ, ಕೇದಗೆ ಎಲೆಯ ಚಾಪೆಗಳ ದೊಡ್ಡ ಸುರುಳಿ ಹೊತ್ತುಕೊಂಡು ಗಂಡನ ತಮ್ಮನ ಮಗ ಬಂದ, ಮೂವತ್ತರ ಆಸುಪಾಸಿನವನು.

"ಇದನ್ನ ಎಲ್ಲಿಡ್ಲಿ ಮಾವ?" ಎಂದು ಅವನು ಕೇಳಿದ.

ಫೋನಿನಲ್ಲಿ ಕೇಳಿದ ದನಿ, ಪೇನಿಯದು! ಲಿಸಿಯಾತೆ ತಲೆ ಎತ್ತಿದ. ಅವನಿಗೂ ಗೊತ್ತಾಗಿತ್ತು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಆಮೇಲೆ ಪೇನಿಯ ಚಡಪಡಿಕೆ ನೋಡಲಾಗುತ್ತಿರಲಿಲ್ಲ. ನೀರು ಕುಡಿಯುವ ನೆಪದಲ್ಲಿ ನಲ್ಲಿಯ ಹತ್ತಿರ ಬಂದು ನಿಂತ. ಲಿಸಿಯಾತೆ ಬೆನ್ನು ತಿರುಗಿಸಿದ. ಹಿತ್ತಲಿಗೆ ಹೋದರೆ ಅಲ್ಲಿಗೂ ಬಂದು ಕೆಮ್ಮಿದ. ಲಿಸಿಯಾತೆ ಕಣ್ಣು ಕೆಂಪಗೆ ಮಾಡಿ ನೋಡಿದ ಮೇಲೆ ತಲೆ ತಗ್ಗಿಸಿ ಒಳಗೆ ಹೋದ. ಹೇಳಿದ್ದನ್ನು ಒಂದು ದಿನ ಪಾಲಿಸಲಾರದವನು ಈ ಊರಲ್ಲಿ ಹೇಗೆ ಬದುಕಿಯಾನು ಎಂದು ಲಿಸಿಯಾತೆಗೆ ಸಿಟ್ಟು ಬಂತು.

ಸೀಲಿಯಾ ಹಜಾರದಲ್ಲಿ ಕೂತು ಸುರುಳಿ ಬಿಚ್ಚಿದಳು. ಸತ್ತವನಿಗೆ ಯಾರು ಏನಾಗಬೇಕು ಎನ್ನುವುದು ಸೊಂಟಕ್ಕೆ ಕಟ್ಟಿದ ಚಾಪೆಯಲ್ಲೇ ಗೊತ್ತಾಗಬೇಕು. ದೂರದವರಿಗೆ ಚಿಕ್ಕದು, ಚೊಕ್ಕಟವಾದದ್ದು. ಹತ್ತಿರವಾದಷ್ಟೂ ಚಾಪೆ ದೊಡ್ಡದು, ಹಳೆಯದು, ಹರಕು. ಕೈಹಿಡಿದವರು ಉಡುವುದಂತೂ ಎದೆಯಿಂದ ಮೊಣಕಾಲು ದಾಟಿ ಇಳಿಯುವಂಥದು. ಅಕ್ಕನಾದವಳೇ ಸಂಬಂಧ ಕೇಳಿ, ಎಲ್ಲರ ಎದುರು ಕೊಡಬೇಕು. ಒಬ್ಬೊಬ್ಬರಾಗಿ ಬಂದು, ಹೇಳಿ, ಇಸಿದುಕೊಂಡು ಹೋದರು. ಕೊನೆಗೆ ಲಿಸಿಯಾತೆ ಮಂಡಿಯೂರಿದ.

"ನನ್ನ ತಮ್ಮನಿಗೆ ನೀನು ಏನಾಗ್ಬೇಕಪ್ಪ?" ಎಂದಳು ಸೀಲಿಯಾ.

ಗೋಡೆಗೊರಗಿ ನಿಂತವರಲ್ಲಿ ಚರ್ಚಿನ ಹಾಡಿನವರು ಇಬ್ಬರಿದ್ದರು. ಇಬ್ಬರೂ ಒಂದೊಂದು ಕಾಲದಲ್ಲಿ ಹಿತ್ತಲ ಕುರ್ಚಿಯ ಎದುರು ಕೂತು ಬುದ್ಧಿ ಕೇಳಿಕೊಂಡವರು, ಈಗ ಹೆಂಡತಿ ಮಕ್ಕಳ ಜೊತೆ ಬಂದಿದ್ದರು. ಅವರ ದೃಷ್ಟಿ ನೆಲದ ಮೇಲಿತ್ತು. ಪೇನಿ ಮಾತ್ರ ನೇರವಾಗಿ ಇವನನ್ನೇ ನೋಡುತ್ತಿದ್ದ, ತುಟಿ ಕಚ್ಚಿಕೊಂಡು. ಒಂದು ಮಾತು ಬಾಯಿಂದ ಜಾರಿದರೆ ಈ ಮನೆಗೆ ಬಂದುಹೋದ ಎಲ್ಲರ ಮೇಲೂ ಅನುಮಾನ ಬೀಳುತ್ತದೆ ಎಂದು ಲಿಸಿಯಾತೆ ಲೆಕ್ಕ ಹಾಕಿದ. ಅವರಿಗಾಗಿಯೇ ಸುಮ್ಮನಾದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಅದು ಅರ್ಧ ನಿಜ. ಇನ್ನರ್ಧ ಅಭ್ಯಾಸ, ಹೆದರಿಕೆ.

"ಬಾಡಿಗೆಗಿದ್ದೆ ಅಕ್ಕ."

ಸೀಲಿಯಾ ಕೈ ಮಡಿಲಲ್ಲಿಟ್ಟುಕೊಂಡು ಕಾದಳು.

"ಅಷ್ಟೇನಾ?"

"ಅಷ್ಟೇ ಅಕ್ಕ."

"ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳು."

"ಏನಿದೆ ಯೋಚ್ನೆ ಮಾಡೋದು," ಎಂದು ಮಾಕಾ ನಡುವೆ ಬಾಯಿ ಹಾಕಿದ. "ಒಂದು ಸಣ್ಣದು ಕೊಟ್ಟು ಕಳ್ಸಕ್ಕ, ಹೊತ್ತಾಯ್ತು."

ಅವಳು ಸಣ್ಣದೊಂದು ಚಾಪೆ ತೆಗೆದು ಕೊಟ್ಟಳು. ಹೊಸದು, ನೀಟಾದ ಅಂಚಿನದು. ಅವಳ ಪಕ್ಕದಲ್ಲಿ ಇನ್ನೂ ಒಂದು ಚಾಪೆ ಬಿಚ್ಚದೆ ಉಳಿದಿತ್ತು.

ಸ್ಮಶಾನದಲ್ಲಿ ಲಿಸಿಯಾತೆ ಕಡೆಯ ಸಾಲಿನಲ್ಲಿ ನಿಂತ, ಡಿಪೋದವರ ಜೊತೆ. ಮುಂದೆ ಹೋಗಿ ಆ ಪೆಟ್ಟಿಗೆಯ ಮೇಲೆ ಬಿದ್ದು ಅತ್ತುಬಿಡಬೇಕು ಎನಿಸುತ್ತಿತ್ತು. ಸೊಂಟದಲ್ಲಿದ್ದುದು ದೂರದವರ ಚಾಪೆ, ಅಷ್ಟು ಅಳುವುದಕ್ಕೆ ಅದು ಸಾಲುತ್ತಿರಲಿಲ್ಲ. ಪೆಟ್ಟಿಗೆ ಇಳಿಸಿದ ಮೇಲೆ ಸೀಲಿಯಾ ಉಳಿದಿದ್ದ ಸುರುಳಿಯನ್ನು ಬಿಚ್ಚಿದಳು. ಎಲ್ಲೆಲ್ಲೂ ನಾರು ಎದ್ದ, ಅಂಚೇ ಉಳಿಯದ ದೊಡ್ಡ ಚಾಪೆ. ಅದನ್ನು ಗುಂಡಿಯೊಳಗೆ ಕೊಟ್ಟಳು, ಒಳಗಿದ್ದವರು ಪೆಟ್ಟಿಗೆಯ ಮೇಲೆ ಹೊದಿಸಿದರು, ಮಣ್ಣು ಬಿತ್ತು.

ಜನ ಚದುರಿ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಪೇನಿ ಬಂದ. ಈ ಸಲ ಲಿಸಿಯಾತೆಗೆ ಬೆನ್ನು ತಿರುಗಿಸುವ ಶಕ್ತಿ ಇರಲಿಲ್ಲ.

"ಮಾವ, ಬೈಬೇಡಿ. ಇನ್ನು ಹೇಳ್ದೆ ಇದ್ರೆ ನನ್ನ ಎದೆ ಒಡೆದುಹೋಗುತ್ತೆ. ಆ ಚಾಪೆ ನಿಮ್ಗೇ ತಂದಿದ್ದು."

"ಏನಂದೆ?"

"ದೊಡ್ಡಪ್ಪ ಸತ್ತಾಗ ದೊಡ್ಡಮ್ಮ ತಾವೇ ಉಟ್ಟಿದ್ದ ಚಾಪೆ ಅದು. ವಿಮಾನದಲ್ಲಿ ಅದನ್ನ ಮಾತ್ರ ತೊಡೆ ಮೇಲೇ ಇಟ್ಕೊಂಡು ಬಂದ್ರು. 'ತಮ್ಮನ ಕೋಣೆ ಮಾತು ಅಕ್ಕನ ಬಾಯಲ್ಲಿ ಬರಕೂಡದು. ಅವನ ಮನೇಲಿರೋನು ತಾನೇ ಬಾಯಿಬಿಟ್ರೆ ನನ್ನ ಕೈಯಾರೆ ಕಟ್ತೀನಿ, ಯಾರು ಏನಂತಾರೋ ನೋಡೇಬಿಡ್ತೀನಿ' ಅಂದ್ರು. ಇದನ್ನ ಹೇಳೋಕೇ ಬೆಳಿಗ್ಗೆಯಿಂದ ನಿಮ್ಮ ಹಿಂದೆ ಸುತ್ತಿದೆ. ಆದ್ರೆ ನೀವು..."

ಅವನ ಕಣ್ಣು ತುಂಬಿತ್ತು.

"ಹತ್ರ ಬರಬೇಡ ಅಂದಿದ್ರಿ. ಕಿವೀಲೂ ಹೇಳ್ಬೇಡ ಅಂದಿದ್ರಿ. ತಪ್ಪು ಮಾಡಿದ್ನಾ ಮಾವ?"

ಲಿಸಿಯಾತೆ ಗುಂಡಿಯ ಕಡೆ ನೋಡಿದ. ಮಣ್ಣು ಆಗಲೇ ನೆಲದ ಮಟ್ಟಕ್ಕೆ ಬಂದಿತ್ತು, ಹುಡುಗರು ಸಲಿಕೆಯಿಂದ ತಟ್ಟಿ ಸಮ ಮಾಡುತ್ತಿದ್ದರು. ಆಚೆ ಸೀಲಿಯಾ ಒಬ್ಬಳೇ ನಿಂತು ಇತ್ತಲೇ ನೋಡುತ್ತಿದ್ದಳು.

"ಇಲ್ಲ ಮಗಾ," ಎಂದ ಲಿಸಿಯಾತೆ. "ನಾನು ಹೇಳಿಕೊಟ್ಟ ಹಾಗೇ ಮಾಡಿದೀಯ."