ಅಪ್ಪಾರ ಸೂರಣಗಡ್ಡೆ

ತಮ್ಮ ಹಿತ್ತಲಿನ ಸೂರಣಗಡ್ಡೆ ಎಷ್ಟೆತ್ತರ ಬೆಳೆಯುತ್ತದೆ ಎಂಬುದನ್ನು ಶಿವಶಂಕರಪ್ಪನವರು, ಓಣಿಗೆಲ್ಲ ಅಪ್ಪಾರು, ಒಂದು ವರ್ಷವೂ ಸರಿಯಾಗಿ ಹೇಳಲಿಲ್ಲ. ಜಹೀರಾಬಾದಿನ ಅವರ ಮನೆಯ ಹಿಂಭಾಗದ ಎರಡು ಕೋಣೆಗೆ ನಾವು ಬಾಡಿಗೆಗೆ ಬಂದ ವರ್ಷವೇ ಆ ಗಡ್ಡೆಯೂ ಬಂತು. ತಾಂಡೂರಿಗೆ ಕೊಟ್ಟ ಮಗಳು ಪ್ರೇಮಲಾ ಅಲ್ಲಿಯ ಕಾಡಿನಿಂದ ತರಿಸಿ ಕಳಿಸಿದ್ದಳು. ನೀರಿನ ತೊಟ್ಟಿಯ ಹಿಂದೆ ಅದನ್ನು ಹೂಳಿ, "ಟೀಚರಮ್ಮ, ಇದು ಮೊಣಕಾಲ ದಾಟಂಗಿಲ್ಲ ನೋಡ್ರಿ" ಎಂದರು.

ಮಳೆ ಬಿದ್ದ ಮೇಲೆ ಒಂದೇ ದಂಟು ಎದ್ದಿತು. ಅದರ ತುದಿಗೆ ಒಂದೇ ಎಲೆ, ಹರಿದ ಕೊಡೆಯ ಹಾಗೆ. ಮೊದಲ ವರ್ಷವೇ ಮೊಣಕಾಲು ದಾಟಿ ನಿಂತು, ಚಳಿ ಬರುತ್ತಲೇ ಹಳದಿಯಾಗಿ ನೆಲಕ್ಕೆ ಮಲಗಿಬಿಟ್ಟಿತು. ಸತ್ತಿತೆಂದು ಅಪ್ಪಾರು ಒಂದು ಹೊತ್ತು ಉಣ್ಣಲಿಲ್ಲ. ಮರುವರ್ಷ ಸೊಂಟದವರೆಗೆ ಬಂತು, ಮತ್ತೆ ಮಲಗಿತು. ಅದರ ಆಚೆ ವರ್ಷ ಎದೆಗೆ ಬಂತು. "ಮುಂದಿನ ಮಳಿಗಾಲಕ್ಕ ನನ್ನ ತಲಿ ಮುಟ್ಟತದ" ಎಂದು ಅಪ್ಪಾರು ಓಣಿಗೆಲ್ಲ ಹೇಳಿಕೊಂಡು ಬಂದರು. ಅವರ ಮಾತು ನಂಬಿ ಯಾರಾದರೂ ಪಂದ್ಯ ಕಟ್ಟಿದ್ದರೆ ಮನೆ ಮಾರಬೇಕಾಗುತ್ತಿತ್ತು.

ಇದನ್ನೆಲ್ಲ ನಾನು ನೋಡಿದ್ದು ಕಿಟಕಿಯಿಂದ. ಹಿತ್ತಲಲ್ಲಿ ಶಿವಪೂಜೆಯ ಪತ್ರಿ, ಕಣಗಿಲೆ ಇದ್ದವು. ನಾವು ಅಲ್ಲಿಗೆ ಹೋಗಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಬಾಗಿಲಿಗೆ ಬೀಗ ಇತ್ತು, ಅಷ್ಟೇ.

ಮನೆ ಕೇಳಲು ಬಂದ ದಿನ ಅಪ್ಪಾರ ಹೆಂಡತಿ ರುಕ್ಮಿಣಿಬಾಯಿ ನಮ್ಮ ಜಾತಿ ಕೇಳಲಿಲ್ಲ. ಒಳ್ಳೆಯವರು. "ಅಡಗಿ ಏನೇನು ಮಾಡ್ತೀರಿ?" ಎಂದಷ್ಟೇ ಕೇಳಿದರು. ಅಷ್ಟರಲ್ಲಿ ನಾವು ಊರೆಲ್ಲ ಅಲೆದಿದ್ದೆವು. ಚೀಲದೊಳಗಿನ ಬುದ್ಧನ ಫೋಟೊ ಕಂಡದ್ದೇ ತಡ, 'ಮನೆ ನಿನ್ನೆಯೇ ಹೋಯಿತು' ಎಂದವರು ಬೇಕಾದಷ್ಟು ಮಂದಿ. ಹಾಗಾಗಿ ಮನೆಯಲ್ಲಿ ಮಾಂಸ ಮಾಡುವುದಿಲ್ಲ ಎಂದು ಮಾತು ಕೊಟ್ಟೆವು. ಕೊಟ್ಟ ಮಾತಿನಂತೆ ನಡೆದೆವು. ನಾಲಿಗೆ ಬೇಡಿದಾಗ ಮನೂರಿಗೆ, ಅತ್ತೆ ಸಾಯಮ್ಮನ ಮನೆಗೆ ಹೋಗಿ ಉಂಡು ಬರುತ್ತಿದ್ದೆವು.

ಈ ಬೇಸಿಗೆಯಲ್ಲಿ ಹಿಂದಿನ ಕಿಟಕಿಗೆ ಕೂಲರ್ ಕೂಡಿಸಿದೆವು. ಹಿತ್ತಲು ಕಾಣದಾಯಿತು. ಅಪ್ಪಾರು ತಾಂಡೂರಿಗೆ ಹೋಗಿದ್ದರು. ಅವ್ವಾರು, ಅಂದರೆ ರುಕ್ಮಿಣಿಬಾಯಿ, ಮೊಣಕಾಲು ನೋವೆಂದು ಹಿತ್ತಲಿಗೆ ಇಳಿಯುತ್ತಿರಲಿಲ್ಲ. ನನಗೆ ಶಾಲೆ ರಜೆ. ಒಂದು ಸಂಜೆ ಕೂಲರ್ ಹಚ್ಚಿ, ಅವರ ಪಡಸಾಲೆಗೆ ತೆರೆಯುವ ನಮ್ಮ ಬಾಗಿಲು ತೆಗೆದು ಕೂತಿದ್ದೆ. ಇದ್ದಕ್ಕಿದ್ದ ಹಾಗೆ ಮನೆ ತುಂಬ ಸತ್ತು ಕೊಳೆತ ನಾತ.

ಇಲಿ ಸತ್ತಿರಬೇಕೆಂದು ಮಂಚ ಸರಿಸಿದೆ, ಅಕ್ಕಿ ಡಬ್ಬಿ ಎತ್ತಿದೆ, ಬಚ್ಚಲಿಗೆ ಫಿನಾಯಿಲ್ ಸುರಿದೆ. ಏನೂ ಸಿಗಲಿಲ್ಲ. ಬೆಳಿಗ್ಗೆ ಕೂಲರ್ ಆರಿಸಿದರೆ ನಾತವೇ ಇಲ್ಲ! ಹಾಗಾದರೆ ಕೂಲರಿನೊಳಗೇ ಏನೋ ಇದೆ ಎಂದು ಬಿಚ್ಚಿ, ತೊಳೆದು, ಹುಲ್ಲು ಬದಲಿಸಿದೆವು. ಸಂಜೆ ಹಚ್ಚಿದರೆ ಮತ್ತೆ ಅದೇ. ನನಗೆ ತಲೆ ಕೆಟ್ಟುಹೋಯಿತು.

ಆಗ ಬಾಗಿಲಲ್ಲಿ ರುಕ್ಮಿಣಿಬಾಯಿ, ಮೂಗಿಗೆ ಸೆರಗು.

"ಸ್ವರೂಪಾ, ಏನು ಮಾಡೀರಿ ಮನ್ಯಾಗ?"

"ಬದನಿಕಾಯಿ ಪಲ್ಯಾ ರಿ ಅವ್ವಾರ."

ಒಳಗೆ ಬಂದು ಮುಚ್ಚಳ ತೆಗೆದು ನೋಡಿದರು. ಬದನೆಕಾಯಿಯೇ ಇತ್ತು. "ಬದನಿಕಾಯಿ ಹಿಂಗ ನಾರತದೇನು?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕದಿಯದೆಯೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಕೊನೆಗೆ ನನ್ನ ಗಂಡನ ಮೇಲೆಯೇ ಸಂಶಯ ಬಂತು. ಸತೀಶಕುಮಾರ ಕೊಹೀರ್‌ನಲ್ಲಿ ಲೈನ್‌ಮನ್. ನಾತ ಶುರುವಾದ ದಿನವೇ ಮನೂರಿಂದ ಬಂದಿದ್ದರು.

"ಖರೆ ಹೇಳ್ರಿ, ಅತ್ತಿ ಒಣಮೀನ ಕಟ್ಟಿ ಕೊಟ್ಟಾಳೇನು? ಎಲ್ಲಿ ಇಟ್ಟೀರಿ?"

ಅವರು ಚೀಲ ತಂದು ನನ್ನ ಮುಂದೆ ಬೋರಲು ಹಾಕಿದರು. ಒಂದು ಅಂಗಿ, ಒಂದು ಟವೆಲ್, ಮಾವಿನ ಉಪ್ಪಿನಕಾಯಿಯ ಬಾಟಲಿ. "ಇನ್ನ ನನ್ನ ಮೈ ಮೂಸಿ ನೋಡು" ಎಂದರು. ನಾಚಿಕೆಯಿಂದ ಸತ್ತುಹೋದೆ. ಆದರೂ ನಾತ ಎಲ್ಲಿಂದ ಎಂಬುದು ಬಗೆಹರಿಯಲಿಲ್ಲ.

ಮರುದಿನ ಸಂಜೆ ರುಕ್ಮಿಣಿಬಾಯಿ ಹೊಸ್ತಿಲಾಚೆಯೇ ನಿಂತು ಹೇಳಿದರು: "ನಿಮ್ಮ ರೂಢಿ ನಿಮಗ, ನಮ್ಮ ರೂಢಿ ನಮಗ. ನಾ ಏನೂ ಅನ್ನಂಗಿಲ್ಲ. ಒಂದನೇ ತಾರೀಖಿಗೆ ಮನಿ ಖಾಲಿ ಮಾಡ್ರಿ." ಮತ್ತೆ ಆ ಅಲೆದಾಟ, ಮತ್ತೆ ಅಡುಗೆಯ ಪ್ರಶ್ನೆ. ಆ ರಾತ್ರಿ ಕೂಲರ್ ಹಚ್ಚಲಿಲ್ಲ. ಬೆವರುತ್ತ ಬಿದ್ದುಕೊಂಡೆವು.

ಭಾನುವಾರ ಮುಂಜಾನೆ ಅಪ್ಪಾರು ತಾಂಡೂರಿಂದ ಬಂದವರೇ ಚಹಾ ಕೂಡ ಕುಡಿಯದೆ, ಸೂರಣಗಡ್ಡೆ ಚಿಗುರಿದೆಯೋ ಎಂದು ನೋಡಲು ಹಿತ್ತಲ ಬೀಗ ತೆಗೆದರು. ಮರುಕ್ಷಣ ಕೂಗು ಕೇಳಿಸಿತು. "ಬರ್ರೀ, ಎಲ್ಲಾರೂ ಬರ್ರೀ! ಹೂ ಬಿಟ್ಟದ!"

ಎಲ್ಲರೂ ಎಂದರೆ ನಾವೂ ಸೇರಿದೆವೋ ಇಲ್ಲವೋ ತಿಳಿಯದೆ ಬಾಗಿಲಲ್ಲಿ ತಡೆದು ನಿಂತೆ. ಆಮೇಲೆ ಹೋಗಿಯೇಬಿಟ್ಟೆ. ತೊಟ್ಟಿಯ ಹಿಂದೆ, ನಮ್ಮ ಕೂಲರಿನ ಬೆನ್ನಿಗೆ ಸರಿಯಾಗಿ, ಎಲೆ ಬರಬೇಕಾದ ಜಾಗದಲ್ಲಿ ಹೂವು ಕೂತಿತ್ತು. ರೊಟ್ಟಿ ಹಂಚಿನಷ್ಟು ಅಗಲ, ಕುರಿಯ ಹಸಿ ಕಲೀಜದಂಥ ಕಡುಗೆಂಪು ಬಣ್ಣ, ನಡುವೆ ಸುಕ್ಕುಗಟ್ಟಿದ ಒಂದು ಗುಡ್ಡೆ. ಮುತ್ತಿದ ನೊಣಗಳು. ಹತ್ತಿರ ಹೋದರೆ ಅದೇ ನಾತ. ಕೂಲರ್ ಅದನ್ನು ಎಳೆದು ನಮ್ಮ ಮನೆಯೊಳಗಿಂದ ಹಾಯಿಸಿ ಅವರ ಪಡಸಾಲೆಗೆ ಬಿಡುತ್ತಿತ್ತು.

ರುಕ್ಮಿಣಿಬಾಯಿ ಹೂವನ್ನೂ ಕೂಲರನ್ನೂ ನನ್ನನ್ನೂ ನೋಡಿದರು. ಅಪ್ಪಾರಿಗೆ ಇದಾವುದರ ಅರಿವಿಲ್ಲ. "ಗಡ್ಡಿ ಬಲತದ. ಅದಕ್ಕ ಎಲಿ ಬದಲಿ ಹೂವ ಕೊಟ್ಟದ. ಇದು ಬಾಡಿದ ಮ್ಯಾಲ ಆಳೆತ್ತರ ಬರತದ ನೋಡ್ರಿ. ಇನ್ನ ನಾಕ ದಿವಸ ನಾರತದ, ಎಲ್ಲಾರೂ ತಡಕೋಬೇಕು" ಎಂದರು.

"ತಡಕೊಳ್ಳೋಣ ತಗೋರಿ" ಎಂದು ರುಕ್ಮಿಣಿಬಾಯಿ ಸೆರಗಿನೊಳಗೇ ನಕ್ಕರು. "ಪಾಪ, ಅದರ ಗುಣಾನೇ ಹಂಗದ, ಅದೇನು ಮಾಡೀತು?" ಆಮೇಲೆ ನನ್ನ ಕಡೆ ತಿರುಗಿದರು. "ನೀವೂ ಇರ್ರಿ ಸ್ವರೂಪಾ. ಖಾಲಿ ಗೀಲಿ ಏನೂ ಮಾಡಬ್ಯಾಡ್ರಿ."

ಮನೆ ಉಳಿಯಿತು. ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಜೊತೆಗೇ ಎದೆಯಲ್ಲಿ ಉರಿಯುವ ಸಿಟ್ಟು. ಹೂವಿಗೆ ಪಾಪ ಅಂದರು. ಅದನ್ನು ಕಿತ್ತು ಎಸೆಯಿರಿ ಎಂದು ಒಬ್ಬರೂ ಅನ್ನಲಿಲ್ಲ. ನಗಬೇಕೋ ಅಳಬೇಕೋ ಗೊತ್ತಾಗದೆ ನಿಂತಿದ್ದೆ. ಬಾಯಿ ತಾನೇ ಮಾತಾಡಿತು.

"ಅವ್ವಾರ, ಇವತ್ತ ಐತಾರ. ನಮ್ಮ ಮನ್ಯಾಗ ಕೋಳಿ ಮಾಡ್ತೀನ್ರಿ."

ಸೆರಗು ಮೂಗಿನಿಂದ ಜಾರಿತು.

"ಇದರ ವಾಸನಿ ನಾಕ ದಿವಸ ನಾವು ತಡಕೋತೀವಿ. ನಮ್ಮದು ಒಂದ ದಿವಸ ನೀವು ತಡಕೋರಿ."

ಅಪ್ಪಾರು ಹೆಂಡತಿಯ ಮುಖ ನೋಡಿದರು. ರುಕ್ಮಿಣಿಬಾಯಿ ನೆಲ ನೋಡಿದರು. ನಾನು ಒಳಗೆ ಬಂದೆ. ನನ್ನ ಗಂಡ ದನಿ ತಗ್ಗಿಸಿ, "ಖರೇನೇ ತರ್ಲೇನು?" ಎಂದರು. ಒಂದನೇ ತಾರೀಖಿಗೆ ಈ ಮನೆ ನಮಗೆ ಇರುತ್ತದೋ ಇಲ್ಲವೋ ನನಗೇ ತಿಳಿಯದು. ಚೀಲ ಅವರ ಕೈಗೆ ಕೊಟ್ಟೆ.

"ತರ್ರಿ. ಮನೂರಿಗಿ ಫೋನ್ ಹಚ್ಚಿ ಅತ್ತೀನೂ ಉಣ್ಣಾಕ ಕರೀರಿ."