ಬೀಸುಕಲ್ಲಿನ ಪದದ ಕಡೇ ನುಡಿ

"ನಿಯಮಗಳು ಅಂತ ಒಂದು ಖಾನೆ ಅದಾ ಅವ್ವಾ. ಏನರೆ ಬರಿಯೂದಿದ್ರ ಹೇಳು, ಇಲ್ಲಂದ್ರ ಖಾಲಿ ಬಿಡ್ತೀನಿ," ಎಂದಳು ಶಿಲ್ಪಾರಾಣಿ, ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ.

ಯಶೋಧಾ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ತಮ್ಮ ಹಾಡಿನ ಮೇಳಕ್ಕೊಂದು ವೆಬ್‌ಸೈಟ್ ಆಗಬೇಕೆಂಬುದು ಮಗಳ ಹುಚ್ಚು. ಅದರಲ್ಲಿ ಟಿಕೆಟ್ ಮಾರಬೇಕೆಂಬುದು ಮಾತ್ರ ತಾಯಿಯದೇ ಹಟ. ತೆಲಂಗಾಣದ ಗಡಿಯೂರು ನಾರಾಯಣಖೇಡದಲ್ಲಿ ಪದ ಕೇಳಲು ಟಿಕೆಟ್ ತೆಗೆದ ಪುಣ್ಯಾತ್ಮ ಇನ್ನೂ ಹುಟ್ಟಿರಲಿಲ್ಲ. ಕಾರ್ಯಕ್ರಮದ ಹೆಸರು, ತಾರೀಖು, ಫಂಕ್ಷನ್ ಹಾಲಿನ ಕುರ್ಚಿಗಳ ನಕ್ಷೆ, ದುಡ್ಡು ಜಮಾ ಆಗಬೇಕಾದ ಖಾತೆ, ಎಲ್ಲ ತುಂಬಿ ಮುಗಿದಿತ್ತು. ಉಳಿದದ್ದು ಇದೊಂದೇ ಖಾನೆ.

"ಬರಿ," ಎಂದು ಯಶೋಧಾ ಮೊರ ಕೆಳಗಿಟ್ಟಳು. "ಪದ ನಡದಾಗ ಯಾರೂ ಸ್ಟೇಜ್ ಹತ್ತಬಾರ್ದು. ನೋಟು ಚುಚ್ಚಬಾರ್ದು. ಎಂಥವರೇ ಇರ್ಲಿ."

ಹಾರ್ಮೋನಿಯಂ ಒರೆಸುತ್ತಿದ್ದ ಗಂಡ ಧಮ್ಮಪಾಲನ ಕೈ ನಿಂತಿತು. "ನಿನಗ ಹುಚ್ಚು ಹಿಡದದೇನ್? ತುಳಜಪ್ಪ ಸಾವ್ಕಾರ್ರು ಏನಂದಾರು? ಉಂಡ ಮನಿ ಜಂತಿ ಎಣಸಬಾರ್ದು ನೋಡು."

"ನಾ ಉಂಡಿದ್ದು ನನ್ನ ಗಂಟಲಿನ ದುಡಿಮಿ. ಅವರ ಮನೀದಲ್ಲ."

ತುಳಜಪ್ಪ ಬೇಳೆ ಮಿಲ್ಲಿನ ಧಣಿ. ಕೆಟ್ಟವನೆಂದು ಊರಲ್ಲಿ ಯಾರೂ ಅನ್ನುವುದಿಲ್ಲ. ಅನ್ನುವ ಧೈರ್ಯವಿಲ್ಲ ಎಂಬುದೂ ಅಷ್ಟೇ ಖರೆ. ಎಲ್ಲಿ ಪದ ಇದ್ದರೂ ಮುಂದಿನ ಸೋಫಾ ಅವನದು. ಯಶೋಧಾ ತನ್ನ ತಾಯಿಯಿಂದ ಕಲಿತ ಬೀಸುಕಲ್ಲಿನ ಪದ ಎತ್ತಿಕೊಂಡಳೆಂದರೆ ಅವನ ಕಣ್ಣು ತುಂಬುತ್ತಿದ್ದವು. ಅಂಗೈ ಬೊಬ್ಬೆಯ ನುಡಿ ಬರುವುದೇ ತಡ, ಜೇಬಿನಿಂದ ನೋಟು, ಪಿನ್ನು ತೆಗೆದು ಸ್ಟೇಜ್ ಹತ್ತುವನು. ಹಾರ್ಮೋನಿಯಂ ನಿಲ್ಲಬೇಕು, ತಬಲಾ ನಿಲ್ಲಬೇಕು. ಇವಳು ಕೈಮುಗಿದು ತಲೆ ಬಗ್ಗಿಸಿ ನಿಲ್ಲಬೇಕು. ಅವನು ಭುಜದ ಹತ್ತಿರ ಸೆರಗಿಗೆ ಬಹುಮಾನದ ನೋಟು ಚುಚ್ಚಬೇಕು. ಮೈಕಿನವನು "ತುಳಜಪ್ಪ ಸಾಹುಕಾರರಿಂದ ಆಯೇರಿ" ಎಂದು ಮೂರು ಸಲ ಕೂಗಬೇಕು. ಅವನ ಹಿಂದೆ ಉಳಿದ ದೊಡ್ಡವರು, ಅವರ ಹಿಂದೆ ಕುಡಿದವರು. ನೆರೆಯೂರು ಕಂಗ್ಟಿಯಲ್ಲಿ ಹೋದ ವರ್ಷ ಪಿನ್ನು ಸೆರಗು ದಾಟಿ ಮೈಗೇ ಇಳಿದಿತ್ತು. ಅವಳು ಕೈಮುಗಿದೇ ನಿಂತಿದ್ದಳು. ರಕ್ತಕ್ಕಿಂತ ಆ ಮುಗಿದ ಕೈ ನೆನೆದಾಗಲೇ ಅವಳಿಗೆ ಮೈ ಉರಿಯುತ್ತಿತ್ತು.

ಇಷ್ಟೆಲ್ಲ ಆಗುವ ಹೊತ್ತಿಗೆ ಪದ ಎಲ್ಲಿಗೋ ಹೋಗಿರುತ್ತಿತ್ತು. ಕಡೇ ನುಡಿಯನ್ನು ಯಶೋಧಾ ಅಡುಗೆಮನೆಯಲ್ಲಿ ಬಿಟ್ಟರೆ ಎಲ್ಲಿಯೂ ಹಾಡಿರಲಿಲ್ಲ. ಅದೊಂದು ಅಳುವ ಪದ ಎಂದೇ ಸುತ್ತಿನ ಊರೆಲ್ಲ ನಂಬಿತ್ತು.

ಶಿಲ್ಪಾರಾಣಿ ನಿಯಮ ಬರೆದಳು. ಕನ್ನಡದಲ್ಲಿ ಒಮ್ಮೆ, ಕೆಳಗೆ ತೆಲುಗಿನಲ್ಲಿ ಒಮ್ಮೆ. "ಇಲ್ಲಿ ಒತ್ತು ಅವ್ವಾ, ಎಲ್ಲಾರಿಗೂ ಕಾಣ್ತದ," ಎಂದಳು. ಯಶೋಧಾ ಬೇಳೆಯ ಧೂಳಿನ ಕೈ ಸೆರಗಿಗೆ ಒರೆಸಿಕೊಂಡು ಒತ್ತಿದಳು.

ಮೊದಲ ಟಿಕೆಟ್ ತೆಗೆದದ್ದು ಓಣಿಯ ಮುದುಕಿ ಸಾಬಮ್ಮ. ಮೊಬೈಲಿಲ್ಲದವಳು ನೂರರ ನೋಟು ತಂದು ಶಿಲ್ಪಾರಾಣಿಯ ಕೈಗಿಟ್ಟು, ಝೆರಾಕ್ಸ್ ಅಂಗಡಿಯಲ್ಲಿ ಟಿಕೆಟ್ ಕಾಗದದ ಮೇಲೆ ಬರುವ ತನಕ ಕದಲಲಿಲ್ಲ. ಹುಟ್ಟಿದಾಗಿನಿಂದ ಕೊನೇ ಸಾಲಿನಲ್ಲಿ ನೆಲಕ್ಕೆ ಕೂತು ಪದ ಕೇಳಿದವಳು ಅವಳು. "ಕುರ್ಚಿ ನಂಬರ್ ಅದಾ ಇಲ್ಲ? ಖರೇ ನಂದೇನು?" ಎಂದು ಕೇಳಿದ್ದನ್ನೇ ಕೇಳಿದಳು.

ಎರಡನೇ ದಿನ ತುಳಜಪ್ಪನ ಫೋನು ಬಂತು. ಧಮ್ಮಪಾಲ ಎದ್ದು ನಿಂತು ಮಾತಾಡಿದ. ಆಚೆಯ ದನಿ ಅಡುಗೆಮನೆಗೂ ಕೇಳುವಷ್ಟು ದೊಡ್ಡದಿತ್ತು. "ಮುಂದಿನ ಸಾಲು ಪೂರಾ ನಾ ತಗೊಂಡೀನಿ. ಆದ್ರ ಆ ನಿಯಮ ತಗದ್ ಹಾಕ್ರಿ. ಆಯೇರಿ ಕೊಡದೆ ಕುಂದ್ರಾಕ ನಾ ಏನ್ ಭಿಕಾರಿನಾ?"

ಯಶೋಧಾ ಗಂಡನ ಕೈಯಿಂದ ಫೋನು ತೆಗೆದುಕೊಂಡಳು. "ಶರಣ್ರೀ ಸಾವ್ಕಾರ್ರೀ. ಕುರ್ಚಿ ಮಾರಾಕ ಇಟ್ಟೀವಿ, ತಗೋರಿ. ಸ್ಟೇಜ್ ಮಾರಾಕ ಇಟ್ಟಿಲ್ರಿ."

"ಭಾಳ ಮಾತ್ ಕಲ್ತಿ. ಈ ಸುಗ್ಗ್ಯಾಗ ನಿಮಗ ಯಾವ ಊರವ್ರು ಕರೀತಾರ, ನಾನೂ ನೋಡ್ತೀನಿ," ಎಂದವನು ಫೋನಿಟ್ಟ. ಮೇಳದ ಅನ್ನ ಸುಗ್ಗಿಯ ಕರೆಗಳಲ್ಲೇ ಇತ್ತು. ಧಮ್ಮಪಾಲ ಆ ಮಧ್ಯಾಹ್ನ ಉಣ್ಣಲಿಲ್ಲ. ಯಶೋಧಾ ಎರಡು ರೊಟ್ಟಿ ಜಾಸ್ತಿಯೇ ಉಂಡಳು.

ಕಾರ್ಯಕ್ರಮದ ದಿನ ಹಾಲಿನ ಬಾಗಿಲಲ್ಲಿ ಶಿಲ್ಪಾರಾಣಿ ಎಲ್ಲರ ಟಿಕೆಟ್ಟನ್ನೂ ಮೊಬೈಲಿನಿಂದ ಸ್ಕ್ಯಾನ್ ಮಾಡಿ ಬಿಟ್ಟಳು, ತುಳಜಪ್ಪನದನ್ನೂ. ಅವನು ಮುಖ ಬೇರೆ ಕಡೆ ತಿರುಗಿಸಿ ಮೊಬೈಲ್ ಚಾಚಿದ. ಸೋಫಾ ಇರಲಿಲ್ಲ, ಎಲ್ಲರಿಗೂ ಒಂದೇ ನಮೂನೆಯ ಕುರ್ಚಿ. ಸಾಬಮ್ಮನ ಕುರ್ಚಿ ಅವನ ಬೆನ್ನ ಹಿಂದೆಯೇ ಬಿದ್ದಿತ್ತು.

ಯಶೋಧಾ ಬೀಸುಕಲ್ಲಿನ ಪದ ಎತ್ತಿಕೊಂಡಳು.

"ಯಾರ ಮನಿ ಜ್ವಾಳವ್ವ, ಯಾರ ಮನಿ ಬೀಸುಕಲ್ಲ,
ಅಂಗೈಯ ಬೊಬ್ಬಿ ಬರಿ ನಂದ..."

ತುಳಜಪ್ಪ ಎದ್ದ. ಕಣ್ಣೊರೆಸಿಕೊಂಡು, ನೋಟಿಗೆ ಪಿನ್ನು ಸಿಕ್ಕಿಸಿಕೊಂಡು, ಮೆಟ್ಟಿಲು ಹತ್ತಿದ. ಎಷ್ಟೋ ವರ್ಷಗಳ ರೂಢಿ. ಧಮ್ಮಪಾಲನ ಬೆರಳು ತಾವಾಗಿಯೇ ನಿಂತವು. ತಬಲಾ ನಿಂತಿತು. ಯಶೋಧಾಳ ಕೈಗಳೂ ಒಂದಕ್ಕೊಂದು ಹತ್ತಿರ ಬಂದವು. ಬಂದದ್ದು ಅವಳಿಗೇ ಗೊತ್ತಾಗಿ ಸಿಟ್ಟು ನೆತ್ತಿಗೇರಿತು. ಎಡಗೈಯಿಂದ ಮೈಕನ್ನು ಗಟ್ಟಿಯಾಗಿ ಹಿಡಿದು, ಬಲಗೈ ಅಗಲಿಸಿ ಅವನ ಎದೆಯ ಮುಂದೆ ಚಾಚಿದಳು. ಹಾಡು ನಿಲ್ಲಿಸಲಿಲ್ಲ. ವಾದ್ಯವಿಲ್ಲದ ದನಿ ಮೊದಲು ತುಸು ನಡುಗಿತು, ಆಮೇಲೆ ನಡುಗಲಿಲ್ಲ.

ತುಳಜಪ್ಪ ಪಿನ್ನು ಹಿಡಿದು ನಿಂತೇ ಇದ್ದ. "ಏ, ನಿಲ್ಲಿಸ್," ಎಂದ ಮೆಲ್ಲಗೆ.

"ಇಳೀರಿ ಸಾವ್ಕಾರ್ರೀ!" ಸಾಬಮ್ಮ ಎದ್ದು ನಿಂತಿದ್ದಳು, ಟಿಕೆಟ್ಟಿನ ಕಾಗದ ಎತ್ತಿ ಹಿಡಿದು. "ನೂರು ರೂಪಾಯಿ ಕೊಟ್ಟೀನ್ರೀ ನಾ. ನಿಮ್ಮ ಬೆನ್ನು ನೋಡಾಕಲ್ಲ, ಪದ ಕೇಳಾಕ!"

ಯಾರೋ ನಕ್ಕರು. "ಹೌದ್ರೀ, ಇಳೀರಿ," ಎಂದಿತು ಹಿಂದಿನ ಸಾಲು. ಆಮೇಲೆ ನಡುವಿನ ಸಾಲು. ಟಿಕೆಟ್ ಎಲ್ಲರ ಜೇಬಿನಲ್ಲೂ ಇತ್ತಲ್ಲ. ತುಳಜಪ್ಪ ಸಭೆಯನ್ನು ಒಮ್ಮೆ ನೋಡಿದ. ಮೇಲಿನಿಂದ ಇಂಥ ಮುಖಗಳನ್ನು ಅವನು ಕಂಡಿರಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದ.

ಧಮ್ಮಪಾಲ ಹೆಂಡತಿಯ ಕಡೆ ನೋಡಿದ. ಅವಳು ಅವನ ಕಡೆ ನೋಡಲಿಲ್ಲ. ಅವನು ತಲೆ ಬಗ್ಗಿಸಿ ತಿದಿ ಎಳೆದ. ಸ್ವರ ಬಂದು ಅವಳ ದನಿಯನ್ನು ಕೂಡಿಕೊಂಡಿತು. ಯಶೋಧಾ ಕಡೇ ನುಡಿ ಹಾಡಿದಳು.

"ಇಟ್ಟಿನಿ ಕಲ್ಲ ಕೆಳಗ, ಝಾಡಿಸಿನಿ ಸೆರಗ,
ನನ ಹಿಟ್ಟು ನನ ರೊಟ್ಟಿ ನಾನುಣುವೆ, ನನ ಮನಿಯ
ಬಾಗಿಲಕ ನಾನ ಯಜಮಾನಿ."

ಹಾಡು ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪದ ಎಲ್ಲಿಗೆ ಮುಗಿಯುತ್ತದೆಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇನ್ನೂ ಏನೋ ಇದೆಯೆಂದು ಇಡೀ ಹಾಲು ಕಾದು ಕುಳಿತಿತ್ತು. ಮುಂದಿನ ಸಾಲಿನಲ್ಲಿ ತುಳಜಪ್ಪನೂ ಕಾಯುತ್ತಿದ್ದ, ಪಿನ್ನು ಸಿಕ್ಕಿಸಿದ ನೋಟು ಮೊಣಕಾಲ ಮೇಲೆ ಹಾಗೇ ಇತ್ತು.

ಯಶೋಧಾ ಮೈಕಿನ ಹತ್ತಿರ ಬಾಗಿದಳು.

"ಮುಗೀತ್ರೀ," ಎಂದಳು.