ಟಬ್ಬಿನಡಿಯ ಹೆಲೊಡರ್ಮಾ

ಮಗುಚಿ ಹಾಕಿದ ತಗಡಿನ ಟಬ್ಬಿನ ಮೇಲೆ ಫಿದೆಲಿನಾ ಕೂತು ಒಂದು ಗಂಟೆಯಾಗಿತ್ತು. ಅದರಡಿ ಅವಳ ಮಗನನ್ನು ಕಚ್ಚಿದ, ಮೊಳದುದ್ದದ ವಿಷದ ಹಲ್ಲಿ. ಮೊತಾಗ್ವಾ ಕಣಿವೆಯವರು ಅದನ್ನು 'ಮಲಗಿದ ಕೂಸು' ಎನ್ನುತ್ತಾರೆ. ಸಿಡಿಲನ್ನು ಕರೆಯುತ್ತದೆಂದು ಕಂಡಲ್ಲೇ ಕೊಚ್ಚುತ್ತಾರೆ. ಫಿದೆಲಿನಾಳ ಗಂಡ ಸತ್ತದ್ದೂ ಸಿಡಿಲು ಬಡಿದೇ. ಮಗ ಎಲಿಯೊದೊರೊ ಮಾತ್ರ ಈ ಹಲ್ಲಿಗಳನ್ನು ಕಾಯುವ ಕೆಲಸಕ್ಕೆ ಸೇರಿ, ಊಟಕ್ಕೆ ಕೂತರೂ ಅವುಗಳ ಮಾರುದ್ದದ ವೈಜ್ಞಾನಿಕ ಹೆಸರು ಜಪಿಸುತ್ತಿದ್ದ.

ಇವತ್ತು ಕೋಳಿಗೂಡಿನಲ್ಲಿ ಮೊಟ್ಟೆ ನುಂಗುತ್ತಿದ್ದ ಅದನ್ನು ಎತ್ತಲು ಹೋದವನ ಕೈ ಕಚ್ಚಿ ಹಿಡಿಯಿತು, ಬಿಡಲೇ ಇಲ್ಲ. ಅವಳು ಮಚ್ಚು ತಂದರೆ, "ಕಡೀಬೇಡಮ್ಮ, ನೀರಲ್ಲಿ ಮುಳುಗಿಸು" ಎಂದ. ಒಗೆಯುವ ತೊಟ್ಟಿಯಲ್ಲಿ ಅದ್ದಿದ ಮೇಲೆ ಬಿಟ್ಟಿತು. ಅಷ್ಟರಲ್ಲಿ ತೋಳು ಊದಿ ಅವನ ಮುಖ ಸುಣ್ಣವಾಗಿತ್ತು. ಆಸ್ಪತ್ರೆಗೆಂದು ಪಿಕಪ್ ಹತ್ತಿಸುವಾಗ ಒಂದೇ ಮಾತು ಹೇಳಿದ: "ಉಳಿದಿರೋದೇ ಬೆರಳೆಣಿಕೆ. ನಮ್ಮ ಕೆಲಸದೋರು ಬರೋ ತನಕ ಯಾರಿಗೂ ಕೊಲ್ಲೋಕೆ ಬಿಡಬೇಡಮ್ಮ."

ಈಗ ಗುಡ್ಡದ ಮೇಲೆ ಗುಡುಗು ಉರುಳುತ್ತಿತ್ತು. ಜ್ಞಾನಸ್ನಾನದಲ್ಲಿ ಮಗನಿಗೆ ಧರ್ಮತಂದೆಯಾಗಿದ್ದ ನಿಕನೋರ್ ಮಚ್ಚು ಹಿಡಿದು ಎದುರಿಗೇ ನಿಂತಿದ್ದ. ಧರ್ಮಮಗನ ತಾಯಿಯೆಂದು ಅವಳನ್ನು ಅವನು ಕರೆಯುವುದು 'ಕೊಮಾದ್ರೆ' ಎಂದೇ.

"ಏಳಿ ಕೊಮಾದ್ರೆ. ಒಂದೇ ಏಟು. ತಗಡಿನ ಮೇಲೆ ಕೂತು ಸುಟ್ಟುಹೋಗ್ತೀರಾ?"

"ಇದಕ್ಕೊಂದು ಹೆಸರಿದೆ ನಿಕನೋರ್. ಹೆಲೊಡರ್ಮಾ ಚಾರ್ಲ್ಸ್‌ಬೋಗರ್ಟಿ."

"ಹೆಸರಿಟ್ಟುಬಿಟ್ರೆ ವಿಷ ಜೇನಾಗುತ್ತಾ?"

ನಿಜ ಹೇಳಬೇಕೆಂದರೆ ಅದನ್ನು ಕೊಚ್ಚಿ ಹಾಕುವ ಆಸೆ ಅವಳಿಗೇ ಹೆಚ್ಚು. ಎದುರು ದಿಬ್ಬಕ್ಕೆ ಸಿಡಿಲು ಬಿತ್ತು. ಸಿಡಿಲಿನಿಂದ ಕಾಯುವ ಸಾಂತಾ ಬಾರ್ಬರಾಳನ್ನು ನೆನೆಯುತ್ತ ಟಬ್ಬಿನ ಅಂಚು ಬಿಗಿಯಾಗಿ ಹಿಡಿದಳು. ಕೆಳಗೆ ಉಗುರು ಕೆರೆಯುವ ಸದ್ದು.

ಒಳಗೆ ಫೋನು ಬಡಿದುಕೊಳ್ಳತೊಡಗಿತು.

ಆಸ್ಪತ್ರೆಯಿಂದಲೇ ಇರಬೇಕು. ಎದ್ದರೆ ಮಗ ಇದ್ದಾನೋ ಇಲ್ಲವೋ ತಿಳಿಯುತ್ತದೆ. ಆದರೆ ಎದ್ದ ಗಳಿಗೆಯಲ್ಲೇ ನಿಕನೋರ್ ಟಬ್ಬು ಎತ್ತುತ್ತಾನೆ. ಫೋನು ಬಡಿದುಕೊಳ್ಳುತ್ತಲೇ ಇತ್ತು.

"ನೀವೇ ಹೋಗಿ ಎತ್ತಿ," ಎಂದಳು. "ನಿಮಗೂ ಮಗನೇ ಅಲ್ವಾ ಅವನು."

ನಿಕನೋರ್ ಅವಳನ್ನು ದುರುಗುಟ್ಟಿ ನೋಡಿ ಒಳಗೋಡಿದ. ಮಳೆ ಶುರುವಾಯಿತು. ಅವನು ಹೊರಬಂದಾಗ ಕೈಯಲ್ಲಿ ಮಚ್ಚಿರಲಿಲ್ಲ.

"ಅವನೇ ಮಾತಾಡಿದ. ಗಂಡಾಂತರ ಕಳೀತಂತೆ."

ಫಿದೆಲಿನಾ ಎರಡೂ ಕೈಯಲ್ಲಿ ಮುಖ ಮುಚ್ಚಿ ಅತ್ತಳು. ಆಮೇಲೆ ಫೋನಿಗೆಂದು ಏಳಹೋದಳು.

"ಕೂತ್ಕೊಳ್ಳಿ," ಎಂದು ಅವನು ಗದರಿದ. "ಹಲ್ಲಿ ಬದುಕಿದೆಯಾ ಅಂತ ಕೇಳಿದ. ಬದುಕಿದೆ ಅಂದುಬಿಟ್ಟೆ. ಆ ಹುಡುಗನಿಗೆ ನಾನು ಯಾವತ್ತೂ ಸುಳ್ಳು ಹೇಳಿದವನಲ್ಲ."

ಗೊಣಗುತ್ತಲೇ ಮಳೆಯಲ್ಲಿ ನಡೆದು ಬಂದು, ಟಬ್ಬಿನ ಇನ್ನೊಂದು ಅಂಚಿಗೆ ತಾನೂ ಕೂತ.